ರೆಪ್ಸ್ ಎಣಿಸಿ "ನಿನ್ನದು ಸ್ಲೋ ಟ್ವಿಚ್ ಬಾಡಿ" ಅಂದರು. ಇದನ್ನು ನಂಬಬಹುದಾ?

ಹಿಂದಿನಸಾಲು_ಓಟಗಾರ:

ಎಲ್ಲರಿಗೂ ನಮಸ್ಕಾರ. ನನಗೆ ಓಡುವ ಹುಚ್ಚು. ಹತ್ತು ಕಿಲೋಮೀಟರ್ ಆಗಲಿ, ಹಾಫ್ ಮ್ಯಾರಥಾನ್ ಆಗಲಿ, ತೊಂದರೆ ಇಲ್ಲದೆ ಮುಗಿಸುತ್ತೇನೆ. ಕಷ್ಟ ಇರುವುದು ಕೊನೆಯಲ್ಲಿ. ಮುಗಿಯುವ ಗೆರೆ ಕಣ್ಣಿಗೆ ಕಾಣುತ್ತಿರುತ್ತದೆ, ಪಕ್ಕದಲ್ಲಿದ್ದವರು ಒಮ್ಮೆಲೇ ವೇಗ ಏರಿಸುತ್ತಾರೆ, ನನ್ನ ಕಾಲು ಮಾತ್ರ ಅದೇ ತಾಳದಲ್ಲಿ ಹೋಗುತ್ತಿರುತ್ತದೆ.

ಜಿಮ್ ಕೋಚ್ ಹತ್ತಿರ ಇದನ್ನು ಹೇಳಿಕೊಂಡೆ. ಅವರು ಲೆಗ್ ಪ್ರೆಸ್‌ನಲ್ಲಿ ಒಂದು ಸಲಕ್ಕೆ ಎಷ್ಟು ಭಾರ ತಳ್ಳಬಲ್ಲೆ ಅಂತ ನೋಡಿದರು. ಆಮೇಲೆ ಅದರ 80% ಹಾಕಿ, ಆಗುವಷ್ಟು ರೆಪ್ಸ್ ಹೊಡಿ ಅಂದರು. ಅವರ ಅಂದಾಜಿಗಿಂತ ಜಾಸ್ತಿಯೇ ಹೊಡೆದೆ. ಶಭಾಷ್ ಅಂತಾರೆ ಅಂದುಕೊಂಡರೆ, "ನಿನ್ನದು ಪೂರ್ತಿ ಸ್ಲೋ ಟ್ವಿಚ್ ಬಾಡಿ. ಸ್ಪ್ರಿಂಟ್ ಪ್ರಾಕ್ಟೀಸ್ ಮಾಡೋದು ಸುಮ್ನೆ ಟೈಮ್ ವೇಸ್ಟ್" ಅಂದುಬಿಟ್ಟರು. ಅಂದರೆ ನಿಧಾನಕ್ಕೆ ಸೆಳೆಯುವ ಸ್ನಾಯುವೇ ನನ್ನಲ್ಲಿ ಜಾಸ್ತಿ ಅಂತ.

ಮನೆಗೆ ಬಂದು ಓದಲು ಕೂತರೆ ಗೊಂದಲ ಇನ್ನೂ ಹೆಚ್ಚಾಯಿತು. ಒಂದು ಕಡೆ ಕೆಂಪು ಸ್ನಾಯು, ಬಿಳಿ ಸ್ನಾಯು ಅಂತ ಬರೆದಿದ್ದಾರೆ. ಇನ್ನೊಂದು ಕಡೆ ಟೈಪ್ 1, 2ಎ, 2ಬಿ. ಮತ್ತೊಂದು ಕಡೆ 2ಬಿ ಜಾಗದಲ್ಲಿ 2ಎಕ್ಸ್. ಇವು ನಾಲ್ಕು ಬಗೆಯಾ, ಮೂರಾ, ಎರಡಾ? ಫಾಸ್ಟ್ ಅಂದರೆ ಬಲ ಜಾಸ್ತಿ ಅಂತಲೇ ಅರ್ಥವಾ? ಮುಖ್ಯವಾಗಿ, ಇದು ಹುಟ್ಟಿನಿಂದಲೇ ನಿಗದಿಯಾಗಿ ಬರುತ್ತದಾ? ಗೊತ್ತಿರುವವರು ದಯವಿಟ್ಟು ಹೇಳಿ.

ಕಬ್ಬಿಣದ_ಗೆಳೆಯ:

ಗುರೂ, ಇದರಲ್ಲಿ ತಲೆ ಕೆಡಿಸಿಕೊಳ್ಳೋಕೆ ಏನೂ ಇಲ್ಲ. ಸ್ಲೋ ಟ್ವಿಚ್ ಕೆಂಪಗಿರುತ್ತೆ, ಸುಸ್ತಾಗಲ್ಲ, ಬಲ ಕಡಿಮೆ. ಫಾಸ್ಟ್ ಟ್ವಿಚ್ ಬೆಳ್ಳಗಿರುತ್ತೆ, ಬಲ ಜಾಸ್ತಿ, ಬೇಗ ಸುಸ್ತು. ಎಷ್ಟೆಷ್ಟು ಅನ್ನೋದು ಅಪ್ಪ ಅಮ್ಮನಿಂದ ಬಂದಿದ್ದು. ಭಾರ ಎತ್ತು, ಇರೋ ಫಾಸ್ಟ್ ಟ್ವಿಚ್ ದಪ್ಪ ಆಗುತ್ತೆ. ಅಷ್ಟೇ ನಮ್ಮ ಕೈಯಲ್ಲಿರೋದು. ನಿಮ್ಮ ಕೋಚ್ ಹೇಳಿದ್ದು ಒರಟಾಯ್ತು, ಆದ್ರೆ ತಪ್ಪೇನಲ್ಲ.

ಕೋಲ್ಡ್‌ರೂಮ್:

ಕಬ್ಬಿಣದ ಗೆಳೆಯರೇ, ನೀವು ಹೇಳಿದ್ದರಲ್ಲಿ ಅರ್ಧ ಸರಿ. ಉಳಿದರ್ಧದಲ್ಲೇ ಪ್ರಶ್ನೆ ಕೇಳಿದವರ ಸಮಸ್ಯೆ ಇರುವುದು. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ.

ನನ್ನ ಕೆಲಸ ಸ್ನಾಯು ಬಯಾಪ್ಸಿ ಬರುವ ಲ್ಯಾಬ್‌ನಲ್ಲಿ. ರೋಗಿಯ ತೊಡೆಯಿಂದಲೋ ತೋಳಿನಿಂದಲೋ ತೆಗೆದ ಚೂರು ನಮ್ಮ ಕೈಗೆ ಬರುತ್ತದೆ. ಅದನ್ನು ತಕ್ಷಣ ಹೆಪ್ಪುಗಟ್ಟಿಸಬೇಕು. ದ್ರವ ನೈಟ್ರೋಜನ್‌ಗೆ ನೇರ ಹಾಕುವ ಹಾಗಿಲ್ಲ. ಬೆಚ್ಚಗಿನ ಚೂರಿನ ಸುತ್ತ ನೈಟ್ರೋಜನ್ ಕುದಿದು ಗಾಳಿಯ ಪದರ ಕಟ್ಟುತ್ತದೆ, ತಂಪು ಒಳಗೆ ಇಳಿಯುವುದು ತಡವಾಗುತ್ತದೆ, ಅಷ್ಟರಲ್ಲಿ ಒಳಗೆ ಐಸ್ ಹರಳು ಬೆಳೆದು ಸ್ನಾಯುವಿನ ಎಳೆಗಳೆಲ್ಲ (ಫೈಬರ್) ತೂತು ಬೀಳುತ್ತವೆ. ಹಾಗಾಗಿ ಐಸೊಪೆಂಟೇನ್ ಅನ್ನುವ ದ್ರವವನ್ನು ನೈಟ್ರೋಜನ್‌ನಲ್ಲಿ ಇಟ್ಟು ತಣ್ಣಗೆ ಮಾಡಿ, ಅದರಲ್ಲಿ ಚೂರನ್ನು ಮುಳುಗಿಸುತ್ತೇವೆ. ಆಮೇಲೆ ಕ್ರಯೋಸ್ಟಾಟ್‌ನಲ್ಲಿ (ಚಳಿಯಲ್ಲೇ ತೆಳ್ಳಗೆ ಕೊಯ್ಯುವ ಯಂತ್ರ) ಸುಮಾರು 10 ಮೈಕ್ರಾನ್ ದಪ್ಪಕ್ಕೆ ಅಡ್ಡಡ್ಡ ಕೊಯ್ಯುತ್ತೇವೆ.

ಆ ಸ್ಲೈಡ್ ಮೇಲೆ ಬಣ್ಣ ಹಾಕದೆ ನೋಡಿದರೆ ಕೆಂಪೂ ಕಾಣುವುದಿಲ್ಲ, ಬಿಳಿಯೂ ಕಾಣುವುದಿಲ್ಲ. ಕೆಂಪು ಬಿಳಿ ಅನ್ನುವುದು ಮೊಲ, ಕೋಳಿಯಂಥ ಪ್ರಾಣಿಗಳಲ್ಲಿ ಇಡೀ ಸ್ನಾಯು ನೋಡಿ ಹುಟ್ಟಿದ ಮಾತು. ನೆಲದ ಮೇಲೇ ಓಡಾಡುವ ಕೋಳಿಯ ಎದೆ ಬೆಳ್ಳಗೆ, ಗಂಟೆಗಟ್ಟಲೆ ಹಾರುವ ಹಕ್ಕಿಯ ಎದೆ ಕೆಂಪಗೆ. ಫ್ರಾನ್ಸಿನ ರಾನ್ವಿಯೆ 1870ರ ದಶಕದಲ್ಲೇ ಕೆಂಪು ಸ್ನಾಯು ನಿಧಾನಕ್ಕೆ ಸೆಳೆಯುತ್ತದೆ ಅಂತ ತೋರಿಸಿದ್ದರು. ಮನುಷ್ಯನಲ್ಲಿ ಹಾಗೆ ಬೇರೆಬೇರೆ ಗುಡ್ಡೆ ಇಲ್ಲ. ಒಂದೇ ಸ್ನಾಯುವಿನಲ್ಲಿ ಎಲ್ಲ ಬಗೆಯ ಎಳೆಗಳೂ ಅಕ್ಕಪಕ್ಕದಲ್ಲೇ ಇರುತ್ತವೆ. ಸರಿಯಾಗಿ ಸ್ಟೇನ್ ಆದ ಸ್ಲೈಡ್ ಚದುರಂಗದ ಹಾಸಿನ ಹಾಗೆ ಕಾಣುತ್ತದೆ, ಮನೆಗಳು ಮಾತ್ರ ಸೊಟ್ಟಪಟ್ಟ.

ಹಾಗಾದರೆ ಬೇರ್ಪಡಿಸುವುದು ಹೇಗೆ? ಎಳೆಯ ಒಳಗೆ ಮೈಯೋಸಿನ್ ಅನ್ನುವ ಪ್ರೋಟೀನ್ ಇದೆ. ಅದು ಕೋಶದ ಇಂಧನವಾದ ಎಟಿಪಿಯನ್ನು ಒಡೆದು, ಬಂದ ಶಕ್ತಿಯಲ್ಲಿ ಪಕ್ಕದ ಆಕ್ಟಿನ್ ದಾರವನ್ನು ಎಳೆಯುತ್ತದೆ. ಈ ಮೈಯೋಸಿನ್‌ನಲ್ಲೇ ಬಗೆಗಳಿವೆ. ಕೆಲವು ಎಟಿಪಿಯನ್ನು ಸರಸರ ಒಡೆಯುತ್ತವೆ, ಕೆಲವು ನಿಧಾನ. ಎಟಿಪಿ ಒಡೆದಾಗ ಬಿಡುಗಡೆಯಾಗುವ ಫಾಸ್ಫೇಟನ್ನು ನಾವು ಸ್ಲೈಡ್ ಮೇಲೆ ಕ್ಯಾಲ್ಸಿಯಂನಿಂದ ಹಿಡಿದಿಡುತ್ತೇವೆ. ಆ ಕ್ಯಾಲ್ಸಿಯಂ ಜಾಗಕ್ಕೆ ಕೋಬಾಲ್ಟ್ ತರುತ್ತೇವೆ. ಕೊನೆಗೆ ಅಮೋನಿಯಂ ಸಲ್ಫೈಡ್ ಹಾಕಿದರೆ ಕಪ್ಪು ಬಣ್ಣ ಬರುತ್ತದೆ. ವಾಸನೆ ಹೇಗಿರುತ್ತದೆ ಅಂತ ಕೇಳಬೇಡಿ. ಆ ದಿನ ಯಾರೂ ನಮ್ಮ ಕೋಣೆ ಕಡೆ ಸುಳಿಯುವುದಿಲ್ಲ.

ಇದರಲ್ಲಿ ಮಜಾ ಇರುವುದು ಪಿಎಚ್‌ನಲ್ಲಿ. ಪಿಎಚ್ 9.4ರಲ್ಲಿ ಮಾಡಿದರೆ ಫಾಸ್ಟ್ ಎಳೆಗಳು ಕಪ್ಪು, ಸ್ಲೋ ಎಳೆಗಳು ತಿಳಿ. ಅದೇ ಸ್ನಾಯುವಿನ ಪಕ್ಕದ ಕೊಯ್ತವನ್ನು ಮೊದಲು 4.3ರ ಆಮ್ಲದಲ್ಲಿ ಅದ್ದಿದರೆ ಚಿತ್ರ ಪೂರ್ತಿ ತಿರುಗಿಬಿಡುತ್ತದೆ. ಸ್ಲೋ ಕಪ್ಪು, ಫಾಸ್ಟ್ ತಿಳಿ. 4.6ಕ್ಕೆ ಇಟ್ಟರೆ ಮೂರು ಛಾಯೆ. ಟೈಪ್ 1 ಅಂದರೆ ಸ್ಲೋ, ಅದು ಕಪ್ಪು. ಫಾಸ್ಟ್ ಎಳೆಗಳಲ್ಲೇ ಎರಡು: 2ಎ ತಿಳಿ, ಮಧ್ಯದ ಬೂದು ಬಣ್ಣದ್ದು ಮೂರನೆಯದು. 0.1 ಆಚೀಚೆ ಆದರೂ ಆ ಬೂದು ಛಾಯೆ ಮಾಯ. ಬಫರ್ (ಪಿಎಚ್ ಹಿಡಿದಿಡುವ ದ್ರಾವಣ) ಮಾಡುವಾಗ ನಾನು ಯಾರ ಜೊತೆಯೂ ಮಾತಾಡುವುದಿಲ್ಲ.

ಆ ಮೂರನೆಯದನ್ನೇ ಹಳೆಯ ಪುಸ್ತಕಗಳು 2ಬಿ ಅಂತ ಕರೆದವು. 1980ರ ದಶಕದ ಕೊನೆಯಲ್ಲಿ ಇಲಿಯ ಸ್ನಾಯುವಿನಲ್ಲಿ 2ಎ, 2ಬಿ ಅಲ್ಲದೆ 2ಎಕ್ಸ್ ಅನ್ನುವ ಇನ್ನೊಂದು ಮೈಯೋಸಿನ್ ಸಿಕ್ಕಿತು. ಆಮೇಲೆ ನೋಡಿದರೆ ಮನುಷ್ಯನಲ್ಲಿ 2ಬಿ ಅಂದುಕೊಂಡಿದ್ದು ಈ 2ಎಕ್ಸ್. 2ಬಿಯ ಜೀನ್ ನಮ್ಮಲ್ಲೂ ಇದೆ, ಆದರೆ ನಮ್ಮ ಕೈಕಾಲಿನ ಸ್ನಾಯುಗಳು ಅದರ ಪ್ರೋಟೀನ್ ಮಾಡುವುದಿಲ್ಲ. ಅದು ಇಲಿಯಂಥ ಸಣ್ಣ ಪ್ರಾಣಿಗಳ ಆಸ್ತಿ. ಹಾಗಾಗಿ ನಿಮ್ಮ ಲೆಕ್ಕಕ್ಕೆ ಮೂರೇ: 1, 2ಎ, 2ಎಕ್ಸ್. ಜೊತೆಗೆ ಒಂದೇ ಎಳೆಯಲ್ಲಿ ಎರಡು ಬಗೆಯ ಮೈಯೋಸಿನ್ ಇರುವ ಬೆರಕೆಗಳೂ ಇವೆ. ಬಗೆ ಬದಲಾಗುತ್ತಿರುವ ಎಳೆ ಹೀಗೆ ಬೆರಕೆಯಾಗಿ ಕಾಣುತ್ತದೆ.

ಇನ್ನು ಬಲದ ಮಾತು. ಇಲ್ಲೇ ಎಲ್ಲರೂ ಎಡವುವುದು. ಒಂದೇ ದಪ್ಪದ ಎರಡು ಎಳೆ ತೆಗೆದುಕೊಳ್ಳಿ, ಒಂದು ಸ್ಲೋ, ಒಂದು ಫಾಸ್ಟ್. ಅಲುಗಾಡದ ವಸ್ತುವನ್ನು ಎಳೆಯಲು ಬಿಟ್ಟರೆ ಎರಡರ ಬಲದಲ್ಲಿ ಅಂಥ ದೊಡ್ಡ ವ್ಯತ್ಯಾಸವೇನಿಲ್ಲ. ವ್ಯತ್ಯಾಸ ಇರುವುದು ಎಷ್ಟು ಬೇಗ ಕುಗ್ಗುತ್ತದೆ ಅನ್ನುವುದರಲ್ಲಿ. ಭಾರವೇ ಇಲ್ಲದಿದ್ದರೆ 2ಎಕ್ಸ್ ಎಳೆ ಟೈಪ್ 1ಕ್ಕಿಂತ ಹತ್ತು ಪಟ್ಟಿನವರೆಗೂ ವೇಗವಾಗಿ ಕುಗ್ಗಬಲ್ಲದು. 2ಎ ನಡುವೆ ಎಲ್ಲೋ. ಭಾರವನ್ನು ಜೋರಾಗಿ ಎಸೆಯಬೇಕು, ನೆಲವನ್ನು ಒದ್ದು ಚಿಮ್ಮಬೇಕು ಅಂದಾಗ ಬಲದ ಜೊತೆ ವೇಗವೂ ಬೇಕು. ಅಲ್ಲಿ ಫಾಸ್ಟ್ ಎಳೆ ಗೆಲ್ಲುತ್ತದೆ. ಅದು ಸಡಿಲವಾಗುವುದೂ ಬೇಗ, ಏಕೆಂದರೆ ಎಳೆಯನ್ನು ಸೆಳೆಯುವಂತೆ ಮಾಡುವ ಕ್ಯಾಲ್ಸಿಯಂ ವಾಪಸ್ ಎಳೆದುಕೊಳ್ಳುವ ಪಂಪುಗಳು ಅದರಲ್ಲಿ ಜಾಸ್ತಿ. ಓಟಗಾರರಿಗೆ ಇದೂ ಮುಖ್ಯ. ಒಂದು ಸ್ನಾಯು ಸಡಿಲವಾಗದೆ ಎದುರಿನದು ಕೆಲಸ ಮಾಡುವುದು ಕಷ್ಟ ಅಲ್ವಾ.

ಸುಸ್ತಿನ ವಿಷಯ ನಿಮಗೆಲ್ಲ ಗೊತ್ತಿರುವುದೇ. ಟೈಪ್ 1ರಲ್ಲಿ ಆಮ್ಲಜನಕ ಬಳಸಿ ಶಕ್ತಿ ಮಾಡುವ ಮೈಟೋಕಾಂಡ್ರಿಯಾ ಜಾಸ್ತಿ, ಸುತ್ತ ರಕ್ತನಾಳ ಜಾಸ್ತಿ, ಆಮ್ಲಜನಕ ಹಿಡಿದಿಡುವ ಮಯೊಗ್ಲೋಬಿನ್ ಜಾಸ್ತಿ. ಕೆಂಪು ಬರುವುದು ಅದರಿಂದಲೇ. 2ಎಕ್ಸ್ ಮುಖ್ಯವಾಗಿ ಎಳೆಯೊಳಗೇ ಕೂಡಿಟ್ಟ ಇಂಧನಗಳಾದ ಕ್ರಿಯಾಟಿನ್ ಫಾಸ್ಫೇಟ್, ಗ್ಲೈಕೋಜೆನ್ ನಂಬಿಕೊಂಡಿರುತ್ತದೆ. ಆದರೆ ಮೈಯೋಸಿನ್ ಒಂದು ವಿಷಯ, ಮೈಟೋಕಾಂಡ್ರಿಯಾ ಇನ್ನೊಂದು. ಎರಡೂ ಜೊತೆಜೊತೆಗೇ ಹೋಗಬೇಕೆಂದಿಲ್ಲ. ವರ್ಷಗಟ್ಟಲೆ ಓಡಿದವರ 2ಎ ಎಳೆಯಲ್ಲಿ, ಓಡದವರ ಟೈಪ್ 1ರಷ್ಟೇ ಮೈಟೋಕಾಂಡ್ರಿಯಾ ಇರಬಹುದು. ಅಂದರೆ ವೇಗವೂ ಇದೆ, ಬೇಗ ಸುಸ್ತೂ ಆಗುವುದಿಲ್ಲ.

ಇನ್ನು ಆ ಲೆಗ್ ಪ್ರೆಸ್ ಟೆಸ್ಟ್. ಇಡೀ ದೇಹಕ್ಕೆ ಸೇರಿ ಸ್ಲೋ ಟ್ವಿಚ್ ಬಾಡಿ ಅನ್ನುವುದು ಇಲ್ಲವೇ ಇಲ್ಲ. ಮೀನಖಂಡದ ಒಳಭಾಗದಲ್ಲಿ ಸೋಲಿಯಸ್ ಅನ್ನುವ ಸ್ನಾಯು ಇದೆ. ನಿಂತಿದ್ದಾಗ ನಾವು ಮುಂದಕ್ಕೆ ಬೀಳದ ಹಾಗೆ ಹಿಡಿಯುವುದು ಅದು. ಸಾಮಾನ್ಯ ಜನರಲ್ಲೂ ಅದರಲ್ಲಿ 80%ದಷ್ಟು ಟೈಪ್ 1. ರಟ್ಟೆಯ ಹಿಂದಿನ ಟ್ರೈಸೆಪ್ಸ್‌ನಲ್ಲಿ ಮೂರನೇ ಒಂದು ಭಾಗ ಮಾತ್ರ. ರೆಪ್ಪೆ ಮುಚ್ಚುವ ಸ್ನಾಯುವಿನಲ್ಲಿ ಇನ್ನೂ ಕಡಿಮೆ. ತೊಡೆಯ ಹೊರಬದಿಯಲ್ಲಿ ಹೆಚ್ಚುಕಡಿಮೆ ಅರ್ಧ ಅರ್ಧ, ಅದೂ ಮೇಲ್ಪದರಕ್ಕಿಂತ ಆಳದಲ್ಲಿ ಟೈಪ್ 1 ಜಾಸ್ತಿ. ಒಂದೇ ತೊಡೆಯ ಎರಡು ಜಾಗದಿಂದ ಚೂರು ತೆಗೆದರೆ ಎರಡು ಉತ್ತರ ಬರುತ್ತದೆ. ನೀವು ಹೆಚ್ಚು ರೆಪ್ಸ್ ಹೊಡೆದದ್ದಕ್ಕೆ ಸುಲಭದ ಕಾರಣ ಬೇರೆಯೇ ಇದೆ. ನೀವು ದೂರ ಓಡುವವರು. ಒಂದೇ ಸಲಕ್ಕೆ ಗರಿಷ್ಠ ಭಾರ ತಳ್ಳಿ ಅಭ್ಯಾಸವಿಲ್ಲ. ಹಾಗಾಗಿ ಮೊದಲು ಅಳೆದ ಗರಿಷ್ಠವೇ ಕಡಿಮೆ ಬಂದಿರುತ್ತದೆ, ಅದರ 80% ಇನ್ನೂ ಹಗುರ.

ಹುಟ್ಟಿನಿಂದ ಬರುವುದು ಎಷ್ಟು? ಒಂದಿಷ್ಟು ಖಂಡಿತ ಇದೆ. 1995ರಲ್ಲಿ ಸಿಮೊನೊ ಮತ್ತು ಬುಶಾರ್ ಹಾಕಿದ ಲೆಕ್ಕದಲ್ಲಿ, ಟೈಪ್ 1ರ ಪ್ರಮಾಣದಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸದಲ್ಲಿ ಸುಮಾರು 45% ವಂಶದಿಂದ, 40% ಬದುಕುವ ರೀತಿಯಿಂದ. ಉಳಿದದ್ದು ಚೂರು ತೆಗೆಯುವಾಗಿನ ಮತ್ತು ಅಳತೆಯ ಏರುಪೇರು. ಅರ್ಧಕ್ಕಿಂತ ಜಾಸ್ತಿ ಅಪ್ಪ ಅಮ್ಮನ ಲೆಕ್ಕಕ್ಕೆ ಹೋಗುವುದಿಲ್ಲ, ಗೆಳೆಯರೇ.

ಎಳೆಗೆ ತನ್ನ ಬಗೆ ತಾನೇ ಆರಿಸಿಕೊಳ್ಳುವ ಅಧಿಕಾರವೂ ಪೂರ್ತಿ ಇಲ್ಲ. ಬೆನ್ನುಹುರಿಯಿಂದ ಬರುವ ಒಂದು ನರಕೋಶ ಸ್ನಾಯುವಿನಲ್ಲಿ ಕವಲೊಡೆದು ಹತ್ತಾರು, ಕೆಲವು ಕಡೆ ಸಾವಿರಕ್ಕೂ ಹೆಚ್ಚು ಎಳೆಗಳನ್ನು ಆಳುತ್ತದೆ. ಆ ಎಳೆಗಳೆಲ್ಲ ಒಂದೇ ಬಗೆಯವು. 1960ರಲ್ಲಿ ಬುಲ್ಲರ್, ಜೊತೆಗೆ ಎಕಲ್ಸ್ ತಂದೆ ಮಗಳು, ಬೆಕ್ಕಿನ ಕಾಲಿನಲ್ಲಿ ನಿಧಾನ ಸ್ನಾಯುವಿನ ನರವನ್ನೂ ವೇಗದ ಸ್ನಾಯುವಿನ ನರವನ್ನೂ ಅದಲುಬದಲು ಮಾಡಿ ಜೋಡಿಸಿದರು. ನಿಧಾನದ್ದು ವೇಗ ಪಡೆಯಿತು, ವೇಗದ್ದು ನಿಧಾನವಾಯಿತು. ನನಗೆ ಇದನ್ನು ನೋಡಲು ಬೆಕ್ಕು ಬೇಕಿಲ್ಲ. ನರದ ಕಾಯಿಲೆ ಇರುವ ರೋಗಿಯ ಸ್ಲೈಡ್‌ನಲ್ಲಿ ಚೌಕದ ವಿನ್ಯಾಸ ಹೋಗಿರುತ್ತದೆ. ಒಂದು ಕಡೆ ಕಪ್ಪಿನದೇ ಗುಂಪು, ಇನ್ನೊಂದು ಕಡೆ ತಿಳಿಯದೇ ಗುಂಪು. ಕೆಲವು ನರಕೋಶ ಸತ್ತಾಗ, ಬದುಕಿರುವ ಪಕ್ಕದ ನರ ಹೊಸ ಕವಲು ಕಳಿಸಿ ಅನಾಥ ಎಳೆಗಳನ್ನು ತನ್ನದಾಗಿಸಿಕೊಂಡಿರುತ್ತದೆ. ಸೇರಿಕೊಂಡ ಎಳೆ ಹೊಸ ಯಜಮಾನನ ಬಗೆಗೇ ಬದಲಾಗಿರುತ್ತದೆ.

ಹಿಂದಿನಸಾಲು_ಓಟಗಾರ:

ಮೇಡಂ, ತುಂಬಾ ಥ್ಯಾಂಕ್ಸ್. ಎರಡು ಸಲ ಓದಿದೆ. ಹಾಗಾದರೆ ತರಬೇತಿಯಿಂದ ಯಾವುದು ಯಾವುದಾಗಿ ಬದಲಾಗುತ್ತದೆ? ಸ್ಪ್ರಿಂಟ್ ಮಾಡಿದರೆ 2ಎಕ್ಸ್ ಜಾಸ್ತಿ ಆಗುತ್ತದಾ? ಇನ್ನೊಂದು ಪ್ರಶ್ನೆ, ಓಟಕ್ಕೆ ಸಂಬಂಧವಿಲ್ಲ. ನಮ್ಮ ತಂದೆಗೆ ಎಪ್ಪತ್ತು ದಾಟಿದೆ. ಎಷ್ಟು ದೂರ ಬೇಕಾದರೂ ನಡೆಯುತ್ತಾರೆ, ಆದರೆ ಕುರ್ಚಿಯಿಂದ ಏಳಲು ಒದ್ದಾಡುತ್ತಾರೆ. ಇದೂ ಅದೇ ಕಥೆಯಾ?

ಕೋಲ್ಡ್‌ರೂಮ್:

ಇದಕ್ಕೆ ಉತ್ತರ ಉಲ್ಟಾ ಇದೆ. 2ಎಕ್ಸ್ ಜಾಸ್ತಿ ಮಾಡುವ ಸುಲಭ ದಾರಿ ಅಂದರೆ ಏನೂ ಮಾಡದೆ ಕೂರುವುದು! ಭಾರ ಎತ್ತಿದರೂ ಸರಿ, ಓಡಿದರೂ ಸರಿ, ಬಳಕೆ ಶುರುವಾದ ಕೂಡಲೇ 2ಎಕ್ಸ್ ಎಳೆಗಳು 2ಎ ಕಡೆ ಜಾರುತ್ತವೆ. 2000ದಲ್ಲಿ ಪ್ರಕಟವಾದ ಡೆನ್ಮಾರ್ಕಿನ ಒಂದು ಅಧ್ಯಯನದಲ್ಲಿ ಮೂರು ತಿಂಗಳು ಭಾರದ ವ್ಯಾಯಾಮ ಮಾಡಿಸಿದರು. ತೊಡೆಯ ಸ್ನಾಯುವಿನಲ್ಲಿ 2ಎಕ್ಸ್ ಮೈಯೋಸಿನ್ ಸುಮಾರು 9%ದಿಂದ 2%ಕ್ಕೆ ಇಳಿಯಿತು. ಆಮೇಲೆ ಮೂರು ತಿಂಗಳು ಎಲ್ಲ ನಿಲ್ಲಿಸಿದರು. ಅದು ಮೊದಲಿದ್ದ ಮಟ್ಟಕ್ಕೆ ಬಂದು ನಿಲ್ಲಲಿಲ್ಲ, 17%ಕ್ಕೆ ಏರಿತು. ಬೆನ್ನುಹುರಿಗೆ ಪೆಟ್ಟಾಗಿ ಕಾಲು ಚಲನೆ ಕಳೆದುಕೊಂಡವರಲ್ಲಿ ವರ್ಷಗಳ ನಂತರ ನೋಡಿದರೆ ಟೈಪ್ 1 ತೀರಾ ಕಡಿಮೆಯಾಗಿ, ಬಹುಪಾಲು ಫಾಸ್ಟ್ ಎಳೆಗಳೇ ಇರುತ್ತವೆ. ಆದರೆ ಸಣಕಲು. ಹಾಗಾಗಿ 2ಎಕ್ಸ್ ಪ್ರಮಾಣ ನೋಡಿ ಹೊಟ್ಟೆಕಿಚ್ಚು ಪಡಬೇಡಿ.

2ಎ ಮತ್ತು ಟೈಪ್ 1ರ ನಡುವಿನ ದಾಟು ಕಷ್ಟ, ನಿಧಾನ. ಆಗುವುದೇ ಇಲ್ಲ ಅಂತಲ್ಲ. 2018ರಲ್ಲಿ ವರದಿಯಾದ ಒಂದು ಅವಳಿ ಜೋಡಿ ಇದೆ. ತದ್ರೂಪಿ ಅವಳಿಗಳು, ವಯಸ್ಸು ಐವತ್ತು ದಾಟಿತ್ತು. ಒಬ್ಬರು ಮೂವತ್ತು ವರ್ಷ ದೂರದ ಓಟದಲ್ಲೇ ಇದ್ದವರು, ಇನ್ನೊಬ್ಬರು ಇಲ್ಲ. ಓಡಿದವರ ತೊಡೆಯಲ್ಲಿ ಸ್ಲೋ ಎಳೆ 90%ಕ್ಕೂ ಮೇಲೆ, ಇನ್ನೊಬ್ಬರಲ್ಲಿ ಅರ್ಧಕ್ಕಿಂತ ಕಡಿಮೆ. ಜೀನ್ ಒಂದೇ. ಒಂದು ಜೋಡಿಯಿಂದ ಎಲ್ಲರ ಬಗ್ಗೆ ತೀರ್ಪು ಕೊಡಲಾಗದು, ಆದರೂ ಅದನ್ನು ಓದಿದ ದಿನ ಊಟದ ಹೊತ್ತಿನಲ್ಲಿ ಲ್ಯಾಬ್‌ನವರಿಗೆಲ್ಲ ಹೇಳಿ ತಲೆ ತಿಂದಿದ್ದೆ.

ತಂದೆಯವರ ವಿಷಯ. ವಯಸ್ಸಾದವರ ಸ್ಲೈಡ್‌ನಲ್ಲಿ ಟೈಪ್ 1 ಎಳೆಗಳು ಹೆಚ್ಚುಕಡಿಮೆ ದುಂಡಗೆ, ಗಾತ್ರ ಉಳಿಸಿಕೊಂಡಿರುತ್ತವೆ. ಅವುಗಳ ಸಂದಿಯಲ್ಲಿ ಟೈಪ್ 2 ಎಳೆಗಳು ಅಮುಕಿ ಹೋಗಿ ಮೂಲೆ ಮೂಲೆಯಾಗಿ ಕಾಣುತ್ತವೆ. ಎಣಿಕೆಯೂ ಇಳಿಯುತ್ತದೆ. ಸ್ವೀಡನ್ನಿನ ಲೆಕ್ಸೆಲ್ ತಂಡ 1988ರಲ್ಲಿ ತೀರಿಹೋದವರ ಇಡೀ ತೊಡೆ ಸ್ನಾಯುವನ್ನೇ ಕೊಯ್ದು ಎಣಿಸಿತ್ತು. ಇಪ್ಪತ್ತರಿಂದ ಎಂಬತ್ತರ ನಡುವೆ ಎಳೆಗಳ ಸಂಖ್ಯೆ ಸುಮಾರು 40% ಕಡಿಮೆ. ನಡೆಯುವುದಕ್ಕೆ ಟೈಪ್ 1 ಸಾಕು. ಕುರ್ಚಿಯಿಂದ ಏಳಲು, ಮುಗ್ಗರಿಸಿದಾಗ ಕಾಲು ಮುಂದಿಟ್ಟು ತಡೆಯಲು ಟೈಪ್ 2 ಬೇಕು. ಬರೀ ವಾಕಿಂಗ್ ಮಾಡಿದರೆ ಅವುಗಳಿಗೆ ಕೆಲಸವೇ ಸಿಗುವುದಿಲ್ಲ. ಆದರೆ ಏಳಲು ಒದ್ದಾಟ ಬೇಗ ಬೇಗ ಜಾಸ್ತಿಯಾಗಿದ್ದರೆ, ಅಥವಾ ಅವರು ಸ್ಟೀರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ವಯಸ್ಸು ಅಂತ ಬಿಡಬೇಡಿ. ಸ್ಟೀರಾಯ್ಡ್ ಕೂಡ ಟೈಪ್ 2 ಎಳೆಗಳನ್ನೇ ಸಣ್ಣ ಮಾಡುತ್ತದೆ. ವೈದ್ಯರಿಗೆ ತೋರಿಸಿ.

ಮಂಡಿಚಿಪ್ಪು:

ನಾನು ಫಿಸಿಯೋ. ಮೇಡಂ ಎಳೆ ನೋಡುತ್ತಾರೆ, ನಾನು ಎಳೆಯ ಯಜಮಾನರನ್ನು ನೋಡುತ್ತೇನೆ. ಅವರು ಬಿಟ್ಟ ಒಂದು ಮಾತು ಸೇರಿಸುತ್ತೇನೆ. ನರಕೋಶಗಳು ಕೆಲಸಕ್ಕೆ ಇಳಿಯುವುದು ಸಾಲಾಗಿ. ಸಣ್ಣವು ಮೊದಲು, ದೊಡ್ಡವು ಕೊನೆಗೆ. ಹೆನ್ನೆಮನ್ ತೋರಿಸಿದ ನಿಯಮ ಇದು. ಸಣ್ಣವು ಟೈಪ್ 1 ಎಳೆ ಆಳುತ್ತವೆ, ದೊಡ್ಡವು 2ಎಕ್ಸ್. ಆರಾಮಾಗಿ ಓಡಿದರೆ ದೊಡ್ಡವು ಎದ್ದೇಳುವುದೇ ಇಲ್ಲ. ಅವು ಏಳಬೇಕಾದರೆ ಬಲ ಜಾಸ್ತಿ ಬೇಕು, ಇಲ್ಲ ತುಂಬಾ ವೇಗ ಬೇಕು, ಇಲ್ಲ ಸಣ್ಣವೆಲ್ಲ ಸೋತುಹೋಗುವ ತನಕ ಎಳೆಯಬೇಕು.

ಓಟಗಾರರೇ, ನಿಮಗೆ ಬೇಕಿರುವುದು ಇಷ್ಟೇ ಅನ್ನಿಸುತ್ತದೆ. ಚೆನ್ನಾಗಿ ವಾರ್ಮ್ ಅಪ್ ಆದ ಮೇಲೆ ಏರುದಾರಿಯಲ್ಲಿ ಎಂಟು ಹತ್ತು ಸೆಕೆಂಡಿನ ಪೂರ್ತಿ ಜೋರಿನ ಓಟ. ಏರಿನಲ್ಲಿ ಏಕೆ ಅಂದರೆ, ಸಮತಟ್ಟಿನಲ್ಲಿ ಗರಿಷ್ಠ ವೇಗಕ್ಕೆ ಹೋದಾಗಲೇ ತೊಡೆಯ ಹಿಂದಿನ ಸ್ನಾಯು ಹರಿಯುವುದು ಜಾಸ್ತಿ. ನಡುವೆ ಮೂರು ನಿಮಿಷವಾದರೂ ಬಿಡುವು ಕೊಡಿ. ಖಾಲಿಯಾದ ಕ್ರಿಯಾಟಿನ್ ಫಾಸ್ಫೇಟ್ ಅರ್ಧ ನಿಮಿಷದಲ್ಲಿ ಸುಮಾರು ಅರ್ಧ ತುಂಬುತ್ತದೆ, ಪೂರ್ತಿ ತುಂಬಲು ಮೂರರಿಂದ ಐದು ನಿಮಿಷ ಬೇಕು. ದೂರದ ಓಟದವರಿಗೆ ಈ ಬಿಡುವೇ ದೊಡ್ಡ ಶಿಕ್ಷೆ. ಸುಮ್ಮನೆ ನಿಲ್ಲಲು ಅವರಿಗೆ ಬರುವುದೇ ಇಲ್ಲ. ಮೊದಮೊದಲು ಕಾಣುವ ಲಾಭ ಎಳೆ ಬದಲಾದದ್ದರಿಂದಲ್ಲ, ನರ ಬೇಗ ಬೇಗ ಸಂಕೇತ ಕಳಿಸಲು ಕಲಿತದ್ದರಿಂದ.

ಕಬ್ಬಿಣದ_ಗೆಳೆಯ:

ಸರಿ ಮೇಡಂ, ಒಪ್ಪಿದೆ. ಆದ್ರೂ ಕುತೂಹಲ. ನನ್ನ ತೊಡೇಲಿ ಎಷ್ಟು ಏನಿದೆ ಅಂತ ತಿಳ್ಕೊಳ್ಳೋಕೆ ಬಯಾಪ್ಸಿ ಮಾಡಿಸಬಹುದಾ?

ಕೋಲ್ಡ್‌ರೂಮ್:

ಬೇಡ ಕಣಪ್ಪ. ಅಧ್ಯಯನಗಳಲ್ಲಿ ಬಳಸುವ ಬೆರ್ಗ್‌ಸ್ಟ್ರೋಮ್ ಸೂಜಿಯನ್ನು ಸೂಜಿ ಅಂತ ಕರೆಯುತ್ತಾರೆ ಅಷ್ಟೇ. ಸುಮಾರು ಐದು ಮಿಲಿಮೀಟರ್ ದಪ್ಪದ ಟೊಳ್ಳು ಕೊಳವೆ ಅದು. ಚರ್ಮ ಕೊಯ್ದು ತೂರಿಸಬೇಕು. ಸಿಗುವ ಚೂರಿನಲ್ಲಿ ಎಣಿಸಲು ಬರುವ ಎಳೆ ಕೆಲವು ನೂರು, ಹೆಚ್ಚೆಂದರೆ ಸಾವಿರ ಚಿಲ್ಲರೆ. ತೊಡೆಯ ಆ ಒಂದು ಸ್ನಾಯುವಿನಲ್ಲೇ ಲಕ್ಷಗಟ್ಟಲೆ ಇವೆ. ಎರಡು ಇಂಚು ಪಕ್ಕದಲ್ಲಿ ತೂರಿಸಿದ್ದರೆ ಬೇರೆ ಸಂಖ್ಯೆ ಬರುತ್ತಿತ್ತು. ಕಾಯಿಲೆ ಇದ್ದರೆ ಮಾಡಿಸಲೇಬೇಕು, ಅದು ಬೇರೆ ಮಾತು. ಕುತೂಹಲಕ್ಕಾದರೆ ನಮ್ಮ ಫ್ರೀಜರ್‌ನಲ್ಲಿ ಈಗಲೇ ಜಾಗ ಇಲ್ಲ.